ಅತ್ತೆ ಸ್ಪ್ಯಾನಿಷಿನಲ್ಲಿ ಸಿಟ್ಟಾದದ್ದು

ನಮ್ಮ ಅತ್ತೆಗೆ ಐದು ಭಾಷೆ ಬರುತ್ತವೆ. ಐದರಲ್ಲೂ ಆಕೆ ಮಾಡುವ ಕೆಲಸ ಒಂದೇ, ಸಿಟ್ಟಾಗುವುದು.

ಮೊದಲ ನಾಲ್ಕನ್ನು ನೀವು ದೊಡ್ಡ ಸಾಧನೆ ಎಂದುಕೊಳ್ಳಬೇಡಿ. ಆಳಂದದಲ್ಲಿ ಹುಟ್ಟಿದವರಿಗೆ ಮನೆಯಲ್ಲಿ ಕನ್ನಡ, ಬಜಾರದಲ್ಲಿ ಉರ್ದು, ಸೊಲ್ಲಾಪುರದ ಬೀಗರ ಜೊತೆ ಮರಾಠಿ, ಬ್ಯಾಂಕಿನಲ್ಲಿ ಹರಕುಮುರುಕು ಇಂಗ್ಲಿಷ್ ತಾನಾಗಿಯೇ ಅಂಟಿಕೊಳ್ಳುತ್ತವೆ. ನಮ್ಮ ಗಡಿಯಲ್ಲಿ ಬೀದಿನಾಯಿಯನ್ನು ಎಬ್ಬಿಸಬೇಕಾದರೂ ಎರಡು ಭಾಷೆಯಲ್ಲಿ ಬೈಯಬೇಕು. ಐದನೆಯ ಭಾಷೆ ಮಾತ್ರ ಇಡೀ ತಾಲ್ಲೂಕಿನಲ್ಲಿ ಇನ್ನೊಬ್ಬರಿಗೆ ಇಲ್ಲ. ಅದು ಸ್ಪ್ಯಾನಿಷ್!

ಆಕೆ ನನ್ನ ಅಪ್ಪನ ಅಕ್ಕ. ಐವತ್ತು ದಾಟಿದ ಹೆಂಗಸು. ಜೋಳದ ರೊಟ್ಟಿ ಬಡಿಯುವುದನ್ನು ದೂರದಿಂದ ಕೇಳಿದರೆ ಯಾರನ್ನೋ ಹೊಡೆಯುತ್ತಿದ್ದಾಳೆ ಎನಿಸುತ್ತದೆ. ಹತ್ತಿರ ಹೋಗಿ ನೋಡಿದರೂ ಹಾಗೆಯೇ ಎನಿಸುತ್ತದೆ. ನಾನು ಯಾರೆಂದರೆ, ಬಿ.ಎ. ಮುಗಿಸಿ ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದೇನೆಂದು ಊರಿಗೆಲ್ಲ ಹೇಳಿಕೊಂಡು, ಮದುವೆ ಮನೆಗಳಲ್ಲಿ ಮಂದಿಯ ದನಿ ಅಣಕಿಸಿ ಹೊಟ್ಟೆ ತುಂಬಿಸಿಕೊಳ್ಳುವವನು. ನಮ್ಮ ಶಾಸಕರ ದನಿ ನನಗೆ ಬರುತ್ತದೆ, ಬಸ್ಸಿನ ಬ್ರೇಕಿನ ದನಿಯೂ ಬರುತ್ತದೆ. ನನ್ನದೇ ದನಿ ಯಾವುದೆಂದು ಕೇಳಿದರೆ ಸ್ವಲ್ಪ ಯೋಚಿಸಬೇಕಾಗುತ್ತದೆ.

ಅತ್ತೆಯ ಸಿಟ್ಟಿಗೆ ಮೂಲ ಮಾಮಾ, ಅಂದರೆ ಆಕೆಯ ಗಂಡ. ಮಾಮಾ ಕೆಟ್ಟವರಲ್ಲ. ಅಫಜಲಪುರದಲ್ಲೂ ಜೇವರ್ಗಿಯಲ್ಲೂ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ, ನಿವೃತ್ತರಾಗಿ ಆಳಂದಕ್ಕೆ ಬಂದು ನೆಲೆಸಿದವರು. ಅವರಿಗಿರುವುದು ಒಂದೇ ರೋಗ: ತಿದ್ದುವುದು. ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಅಂಗಡಿಗಳ ಬೋರ್ಡು ತಿದ್ದಲು ಹೋಗಿ ಬಸ್ಸು ತಪ್ಪಿಸಿಕೊಂಡಿದ್ದಾರೆ. ಗೊಬ್ಬೂರಿನ ಒಂದು ಮದುವೆಗೆ ಲಗ್ನಪತ್ರಿಕೆಯನ್ನೇ ಕೆಂಪು ಶಾಯಿಯಲ್ಲಿ ತಿದ್ದಿ, ಅಂಕ ಹಾಕಿ, ಲಕೋಟೆಯಲ್ಲಿಟ್ಟು ಮದುಮಗಳ ಅಪ್ಪನ ಕೈಗೆ ಕೊಟ್ಟು ಬಂದರು. ಆತ ಅದನ್ನು ಉಡುಗೊರೆ ಎಂದುಕೊಂಡು ಕೈಮುಗಿದು ಜೇಬಿಗೆ ಇಳಿಸಿದ.

ನಿವೃತ್ತಿಯಾದ ಮೇಲೆ ತಿದ್ದಲು ಮಕ್ಕಳು ಸಿಗದೆ ಹೋದರು. ಮನೆಯಲ್ಲಿ ಇದ್ದದ್ದು ಅತ್ತೆ. ಆಕೆ 'ಸಾಲಿ' ಎಂದರೆ 'ಶಾಲೆ', 'ಇಸ್ಟೇಸನ್' ಎಂದರೆ 'ಸ್ಟೇಷನ್'. ಒಂದು ದಿನ ಬೀಗರು ಕುಳಿತಿದ್ದಾಗ ಅತ್ತೆ ಬ್ಯಾಂಕಿನ 'ಮನೇಜರ'ನ ವಿಷಯ ತೆಗೆದಳು. ಮಾಮಾ ಎಲ್ಲರ ಎದುರು ಆ ಪದವನ್ನು ಮೂರು ತುಂಡು ಮಾಡಿ ಹೇಳಿಕೊಟ್ಟರು. ಬೀಗರು ನಕ್ಕರು. ನಾನೂ ನಕ್ಕೆ. ಅತ್ತೆ ನಗಲಿಲ್ಲ. ಅಡುಗೆಮನೆಯಿಂದ ಒಂದು ಮುಚ್ಚಳ ಹಾರಿ ಬಂದು ನಡುಮನೆಯಲ್ಲಿ ಬಹಳ ಹೊತ್ತು ತಿರುಗುತ್ತಾ ಇತ್ತು.

ಮರುದಿನ ಬೆಳಿಗ್ಗೆ ಅತ್ತೆ ನನ್ನ ಕೊರಳಪಟ್ಟಿ ಹಿಡಿದು ಕಲಬುರಗಿಯ ಬಸ್ಸು ಹತ್ತಿಸಿದಳು. ಯಾವುದೋ ದೂರದ ವಿಶ್ವವಿದ್ಯಾಲಯ ಆನ್‌ಲೈನಿನಲ್ಲಿ ಬಿ.ಎ. ಕಲಿಸುತ್ತದಂತೆ, ಅದರ ಪ್ರವೇಶ ಅಲ್ಲಿ ನಡೆದಿತ್ತು. ಕಂಪ್ಯೂಟರಿನ ಮುಂದೆ ಕುಳಿತಿದ್ದ ಹುಡುಗ ಬಹಳ ಮರ್ಯಾದೆಯಿಂದಲೇ ಕೇಳಿದ, "ಅಮ್ಮಾರ, ಒಂದು ಭಾಷಾ ತಗೋಬೇಕ್ರಿ. ಹಿಂದಿ ಹಾಕ್ಲೇನ್ರಿ? ನಿಮ್ಮ ವಯಸ್ಸಿಗೆ ಸರಳ ಆಗ್ತದ."

"ನನ್ನ ವಯಸ್ಸು ನಿನ್ನ ಟೇಬಲ್ ಮ್ಯಾಲ ತಂದು ಇಟ್ಟೇನೇನು? ನಮ್ಮ ಕಡಿ ಯಾರಿಗೂ ಬರದಿದ್ದ ಭಾಷಾ ಯಾವ್ದದ, ಅದು ಹೇಳು."

"ಸ್ಪ್ಯಾನಿಷ್ ಅದ್ರಿ. ಆದ್ರ ಅದು ಭಾಳ..."

"ಅದೇ ಬಡಿ."

ಹುಡುಗ ಬಡಿದ. ಮರಳಿ ಬರುವಾಗ ಬಸ್ಸಿನಲ್ಲಿ ಕೇಳಿದೆ, "ಅತ್ತಿ, ಸ್ಪ್ಯಾನಿಷ್ ಯಾಕ? ನಮ್ಮ ಆಳಂದಕ್ಕ ಸ್ಪೇನಿನವ್ರು ಯಾರ್ ಬರ್ತಾರ?"

"ಇಂಗ್ಲಿಷ್ ಅಂದ್ರ ಅವ್ರು ತಿದ್ದತಾರ. ಹಿಂದಿ ಅಂದ್ರ ಅವ್ರು ತಿದ್ದತಾರ. ಕನ್ನಡ ಅಂದ್ರ ನಿಮ್ಮಪ್ಪನೂ ತಿದ್ದತಾನ. ನಾ ಬಾಯಿ ತೆಗದ್ರ ತಪ್ಪು ಹಿಡೀಲಾಕ ಯಾರಿಗೂ ಬರಬಾರ್ದು. ಅಂಥದೊಂದು ಭಾಷಾ ಬೇಕಾಗಿತ್ತು ನನಗ."

ನಗಲು ಬಾಯಿ ತೆರೆದವನು ಅವಳ ಮುಖ ನೋಡಿ ಕಿಟಕಿಯಾಚೆಯ ತೊಗರಿ ಹೊಲವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಹನ್ನೆರಡನೆಯ ತರಗತಿಯ ಪರೀಕ್ಷೆ ಇನ್ನೇನು ವಾರವಿದೆ ಎನ್ನುವಾಗ ನಮ್ಮ ಅಜ್ಜ ಈ ಹೆಂಗಸಿನ ಮದುವೆ ಮಾಡಿ ಮುಗಿಸಿದ್ದರು. "ಓದಿ ಏನು ಮಾಡಾಕಿ ಇದ್ದಿ" ಎಂದರಂತೆ. ಆ ಪರೀಕ್ಷೆಯನ್ನು ಅತ್ತೆ ಎಷ್ಟೋ ವರ್ಷದ ಮೇಲೆ ಹೊರಗಿನಿಂದ ಕಟ್ಟಿ ಪಾಸಾದಳು. ಅಜ್ಜ ಈಗ ಇಲ್ಲ. ಇದ್ದಿದ್ದರೆ ಅವರ ದನಿಯಲ್ಲೇ ಅವರಿಗೊಂದು ಪ್ರಶ್ನೆ ಕೇಳುತ್ತಿದ್ದೆ: ಮಗಳು ಒಂದು ತಿಂಗಳು ತಡವಾಗಿ ಮದುವೆಯಾಗಿದ್ದರೆ ನಿಮ್ಮ ಯಾವ ಮಾಳಿಗೆ ಕುಸಿಯುತ್ತಿತ್ತು? ಅಪ್ಪನನ್ನು ಕೇಳಿದರೆ "ಆಗಿನ ಕಾಲ ಹಂಗಿತ್ತಪ್ಪಾ" ಎನ್ನುತ್ತಾರೆ. ಕಾಲವೇನು ಲಗ್ನಪತ್ರಿಕೆ ಅಚ್ಚು ಹಾಕಿಸಿತ್ತೇ?

ಇರಲಿ. ಪ್ರವೇಶವಾದ ಸುದ್ದಿ ಕೇಳಿ ಮಾಮಾ ಪಠ್ಯದ ವಿವರವನ್ನೆಲ್ಲ ಓದಿ ಕನ್ನಡಕ ಮೇಲೇರಿಸಿದರು. "ಬರಿಯೋದು ಹೆಂಗರ ಬರೀತಿ. ಮಾತಾಡೋ ಪರೀಕ್ಷಾ ಅದ. ಅದು ಹೋತಂದ್ರ ಎಲ್ಲಾ ಹೋದಂಗ. ಅದ್ರಾಗ ನೀ ಫೇಲು."

ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಫೇಲಾದ್ರ ಅವತ್ತಿನಿಂದ ಪುಸ್ತಕ ಅನ್ನೋದು ಮುಟ್ಟಂಗಿಲ್ಲ. ನೀವು ಅಂದಿದ್ದೆಲ್ಲಾ ಖರೆ ಅಂತ ತಲಿ ಬಗ್ಗಿಸಿ ಕೇಳ್ತೇನಿ. ಪಾಸಾದ್ರ ಏನ್ಮಾಡ್ತೀರಿ ಹೇಳ್ರಿ."

ಮಾಮಾ ಮತ್ತೆ ಪಠ್ಯದ ವಿವರ ತಿರುವತೊಡಗಿದರು. ಅವರಿಗೆ ಆ ಪ್ರಶ್ನೆ ಪಠ್ಯದ ಹೊರಗಿನದೆನಿಸಿರಬೇಕು.

ಪಾಠ ಶುರುವಾಯಿತು. ಪುಣೆಯ ಕಡೆಯ ಒಬ್ಬ ಮೇಡಂ, ಇನ್ನೂ ಹುಡುಗಿ, ಮೊಬೈಲಿನ ಪರದೆಯಲ್ಲಿ ನಗುತ್ತಾ ಬಂದು ಹಿಂದಿ ಬೆರೆಸಿ ಸ್ಪ್ಯಾನಿಷ್ ಕಲಿಸುತ್ತಿದ್ದಳು. 'ಓಲಾ' ಅಂದರೆ ನಮಸ್ಕಾರ. 'ಗ್ರಾಸಿಯಾಸ್' ಅಂದರೆ ಉಪಕಾರವಾಯಿತು. ಅತ್ತೆಗೆ ಎರಡೂ ಹಿಡಿಸಲಿಲ್ಲ. ಒಬ್ಬ ಗುರುವಿಗೆ ಬರೀ 'ಓಲಾ' ಎನ್ನುವುದೆಂದರೇನು, ಎಮ್ಮೆ ಕರೆದ ಹಾಗೆ? ಆದ್ದರಿಂದ "ಓಲಾರಿ ಮೇಡಂ" ಎಂದಳು. ಪಾಠ ಮುಗಿದಾಗ "ಗ್ರಾಸಿಯಾಸ್‌ರಿ". ಹೌದು ಎನ್ನಲು "ಸೀರಿ". ಮೇಡಂ ಈ 'ರಿ' ಏನೆಂದು ಕೇಳಿದಳು. ಅತ್ತೆ ತನ್ನ ಬಜಾರದ ಉರ್ದುವಿನಲ್ಲಿ ಗುಡುಗಿದಳು, ಇದು ಮರ್ಯಾದೆ, ನಿಮ್ಮ ಭಾಷೆಯಲ್ಲಿ ಇಲ್ಲದಿದ್ದರೆ ನಮ್ಮದರಿಂದ ತೆಗೆದುಕೊಳ್ಳಿ, ನಾವೇನು ವಾಪಸ್ ಕೇಳುವುದಿಲ್ಲ. ಮುಂದಿನ ವಾರ ಆ ತರಗತಿಯ ದೆಹಲಿ ಹುಡುಗರೂ 'ಗ್ರಾಸಿಯಾಸ್‌ರಿ' ಎನ್ನತೊಡಗಿದ್ದರು.

ಮಾಮಾ ಮೊದಮೊದಲು ಬಾಗಿಲ ಬಳಿ ನಿಂತು ಕೇಳುತ್ತಿದ್ದರು. ಒಮ್ಮೆ ತಡೆಯಲಾರದೆ, "ಉಚ್ಚಾರ ಸರಿ ಇಲ್ಲ" ಎಂದುಬಿಟ್ಟರು.

"ನಿಮಗ ಹೆಂಗ ಗೊತ್ತು?"

ಮಾಮಾ ಬಾಗಿಲು ಬಿಟ್ಟು ಹೊರಗಿನ ಕಟ್ಟೆಗೆ ಹೋಗಿ ಕುಳಿತರು. ಅಷ್ಟು ವರ್ಷ ಮಾಸ್ತರಿಕೆ ಮಾಡಿದ ಮನುಷ್ಯನಿಗೆ ಉತ್ತರ ಬಾರದ ಪ್ರಶ್ನೆಯೊಂದು ಸ್ವಂತ ಮನೆಯಲ್ಲೇ ಸಿಕ್ಕಿತ್ತು. ಅತ್ತೆ ಆ ದಿನ ರೊಟ್ಟಿಯನ್ನು ಸ್ವಲ್ಪ ಮೆತ್ತಗೆ ಬಡಿದಳು.

ಮನೆಯಲ್ಲಿ ಕರೆಂಟು ಹೋದರೆ ಇಂಟರ್‌ನೆಟ್ಟೂ ಹೋಗುತ್ತಿತ್ತು. ಅಂಥ ದಿನ ಅತ್ತೆ ಮಾದನಹಿಪ್ಪರಗಾದ ಹತ್ತಿರ ಇರುವ ಹೊಲಕ್ಕೆ ಹೋಗಿ, ಒಡ್ಡಿನ ಮೇಲೆ ಸಿಗ್ನಲ್ ಸಿಗುವ ಜಾಗದಲ್ಲಿ ಕುಳಿತು ಪಾಠ ಕೇಳುತ್ತಿದ್ದಳು. ತೊಗರಿಯಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಮೊದಲ ದಿನ ಕದ್ದು ಕೇಳಿದರು, ಎರಡನೆಯ ದಿನ ಕುರುಪಿ ಕೆಳಗಿಟ್ಟು ಕೇಳಿದರು. ಮೇಡಂ "ಎಲ್ಲರೂ ಹೇಳಿ" ಎಂದಾಗ ಹೊಲವೇ "ಬ್ವೇನಾಸ್ ತಾರ್ದೆಸ್", ಅಂದರೆ ಶುಭ ಮಧ್ಯಾಹ್ನ, ಎಂದಿತು.

"ಯವ್ವಾ, ಇದು ಯಾವ ದೇವರ ಹಾಡರಿ?" ಎಂದು ಒಬ್ಬಳು ಕೇಳಿದಳು.

"ದೇವರದಲ್ಲ, ಪರೀಕ್ಷಾದ್ದು."

"ಹಂಗಾದ್ರ ಇನ್ನಾ ಜೋರ್ ಅನ್ನಬೇಕ್ ಬಿಡ್ರಿ," ಎಂದು ಎಲ್ಲರೂ ಸೇರಿ ಇನ್ನೊಮ್ಮೆ ಕೂಗಿದರು. ಮೇಡಂ ಬೆಚ್ಚಿ ನಿಮ್ಮ ಕುಟುಂಬ ಬಹಳ ದೊಡ್ಡದೇ ಎಂದು ಕೇಳಿದಳು. ಅತ್ತೆ ಸಿಟ್ಟಿನಿಂದ, ಇವರೆಲ್ಲ ನನಗಿಂತ ಚೆನ್ನಾಗಿ ಹೇಳಿದ್ದಾರೆ, ಇವರಿಗೂ ಹಾಜರಿ ಹಾಕಿ ಎಂದಳು.

ಇದನ್ನೆಲ್ಲ ನೋಡಿ ನಾನು ಸುಮ್ಮನಿರುವ ಪೈಕಿಯೇ? ಮಟಕಿಯ ಬೀಗರ ಮನೆಯ ತೊಟ್ಟಿಲ ಕಾರ್ಯದಲ್ಲಿ ಅತ್ತೆಯ ಸ್ಪ್ಯಾನಿಷನ್ನು ಆಡಿ ತೋರಿಸಿದೆ. ಮಂದಿ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಮೇಡಂ ದನಿಯನ್ನೂ ಹಾಗೆಯೇ ಎತ್ತಿದೆ. ಆಗ ಒಬ್ಬೊಬ್ಬರೇ ನಗು ನಿಲ್ಲಿಸಿದರು. ತಿರುಗಿ ನೋಡಿದರೆ ಅತ್ತೆ ನಿಂತಿದ್ದಳು.

"ಅಕಿ ದನಿ ನಿನಗ ಥೇಟ್ ಬರ್ತದಲ್ಲಲೇ?"

"ಹೂಂ ಅತ್ತಿ, ತಪ್ಪಾಯ್ತು."

"ತಪ್ಪು ಆಮ್ಯಾಲ ಆಗಲಿ. ನಾಳಿಂದ ದಿನಾ ಬಂದು ಅಕಿ ದನ್ಯಾಗ ನನಗ ಪ್ರಶ್ನಾ ಕೇಳಬೇಕು. ಬರಲಿಲ್ಲಂದ್ರ ನಿನ್ನ ದನಿ ನಾ ತೆಗಿಸ್ತೇನಿ."

ಹೀಗೆ ಒಂದಕ್ಷರ ಸ್ಪ್ಯಾನಿಷ್ ಬಾರದ ನಾನು ಸ್ಪ್ಯಾನಿಷ್ ಪರೀಕ್ಷಕನಾದೆ. ಏನು ಕೇಳುತ್ತಿದ್ದೇನೆಂದು ನನಗೆ ಗೊತ್ತಿಲ್ಲ, ಉತ್ತರ ಸರಿಯೋ ತಪ್ಪೋ ಅದೂ ಗೊತ್ತಿಲ್ಲ. ಆದರೂ ಮುಖ ಗಂಭೀರವಾಗಿಟ್ಟುಕೊಂಡು ತಲೆಯಾಡಿಸುತ್ತಿದ್ದೆ. ಬಹಳ ಅಧಿಕಾರಿಗಳು ಹೇಗೆ ಕೆಲಸ ಮಾಡುತ್ತಾರೆಂದು ನನಗೆ ಅರ್ಥವಾದದ್ದು ಆಗಲೇ.

ಎಲ್ಲ ಸರಿಯಾಗಿಯೇ ನಡೆದಿತ್ತು, ಕುಟುಂಬದ ಪಾಠ ಬರುವ ತನಕ.

ಮನೆಯವರ ಹೆಸರು ಹೇಳುವ ಪಾಠ ಅದು. ಅತ್ತೆ ಅಮ್ಮನ ಹೆಸರು ಹೇಳಿದಳು, ಅಪ್ಪನದು ಹೇಳಿದಳು, ತಮ್ಮನದು ಹೇಳಿದಳು. ಗಂಡನ ಸರದಿ ಬಂತು. "ಮಿ ಮರೀದೊ ಸೆ ಯಾಮಾ", ಅಂದರೆ ನನ್ನ ಗಂಡನ ಹೆಸರು, ಎಂದವಳು ನಿಂತಳು. ಆಮೇಲೆ, "ಅವ್ರು" ಎಂದಳು. ಮೇಡಂ ಅದನ್ನೇ ಹೆಸರೆಂದು ತಿಳಿದು ಮರುದಿನ ಬಹಳ ಪ್ರೀತಿಯಿಂದ, 'ಸೆನ್ಯೋರ್ ಅವ್ರು' ಹೇಗಿದ್ದಾರೆ ಎಂದು ವಿಚಾರಿಸಿದಳು.

ನಮ್ಮ ಕಡೆ ಅತ್ತೆಯ ವಯಸ್ಸಿನ ಹೆಂಗಸರು ಗಂಡನ ಹೆಸರನ್ನು ನಾಲಗೆಯ ಮೇಲೆ ತರುವುದಿಲ್ಲ. ಮಾಮಾನ ಹೆಸರು ಮಲ್ಲಿನಾಥ. ನನಗೇನು ಅಡ್ಡಿ, ನಾನು ನೂರು ಸಲ ಹೇಳಬಲ್ಲೆ. ಅತ್ತೆ ಆ ಹೆಸರಿರಲಿ, ಮಲ್ಲಿಗೆ ಹೂವನ್ನು ಕೂಡ 'ಆ ಬಿಳೀ ಹೂವು' ಎಂದೇ ಕೊಳ್ಳುವವಳು. ಹೂ ಮಾರುವವನು ಸೇವಂತಿಗೆ ಕೊಟ್ಟರೆ ಅವನ ಮೇಲೂ ಸಿಟ್ಟು.

ಹೇಳಲೇಬೇಕಾದ ಒಂದು ಹೊತ್ತು ಮಾತ್ರ ಇರುತ್ತದೆ. ಮದುವೆಯಾಗಿ ಗಂಡನ ಮನೆಗೆ ಬಂದ ದಿನ ನಾದಿನಿಯರು ಹೊಸ್ತಿಲಲ್ಲಿ ಅಡ್ಡಗಟ್ಟುತ್ತಾರೆ. ಎರಡು ಸಾಲಿನ ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರನ್ನು ಇಟ್ಟು ಹೇಳಿದರೆ ಒಳಗೆ ಬಿಡುತ್ತಾರೆ. ಇದಕ್ಕೆ ಒಡಪು ಎನ್ನುತ್ತಾರೆ. ಅತ್ತೆ ಅದನ್ನೂ ಹೇಳಲಿಲ್ಲವಂತೆ. ಅವಳ ಗೆಳತಿಯರು ಪರೀಕ್ಷೆಗೆ ಓದುತ್ತಾ ಕುಳಿತಿದ್ದ ಹೊತ್ತಿನಲ್ಲಿ ಇವಳು ಬಾಸಿಂಗ ಕಟ್ಟಿಕೊಂಡು ಹೊಸ್ತಿಲಲ್ಲಿ ತುಟಿ ಬಿಗಿದು ನಿಂತಳು. ನಾದಿನಿಯರು ನಕ್ಕು ಸಾಕಾಗಿ ಬೈದರು, ಬೈದು ಸಾಕಾಗಿ ಸುಮ್ಮನಾದರು. ಹೊತ್ತು ಮುಳುಗಿದ ಮೇಲೆ ಮಾಮಾನ ತಾಯಿ, "ಬರ್ಲಿ ಬಿಡ್ರಿ, ಒಳಗ ಕೆಲಸ ಬಿದ್ದಾವ" ಎಂದು ಒಳಗೆ ಕರೆದುಕೊಂಡರಂತೆ. ಅಂದಿನಿಂದ ಇಂದಿನ ತನಕ ಆ ಹೆಸರು ಅವಳ ಬಾಯಿಂದ ಬಂದಿಲ್ಲ. ಬೇರೆ ಹೆಂಗಸರದು ಪದ್ಧತಿ, ಇವಳದು ಹಟ.

ಈಗ ಮೇಡಂ ಹೇಳಿದಳು, ಮಾತಿನ ಪರೀಕ್ಷೆಯಲ್ಲಿ ಕುಟುಂಬದ ಪ್ರಶ್ನೆ ಕಡ್ಡಾಯ. ಪೂರ್ತಿ ವಾಕ್ಯ ಬೇಕು. ಉತ್ತರಿಸದಿದ್ದರೆ ಅನುತ್ತೀರ್ಣ.

ನಾನು ಬುದ್ಧಿವಂತನಲ್ಲವೇ, ದಾರಿ ಹುಡುಕಿದೆ. "ಅತ್ತಿ, ಬ್ಯಾರೆ ಯಾವ್ದರ ಹೆಸರು ಹೇಳು. ಅವ್ರಿಗೇನು ಗೊತ್ತಾಗ್ತದ?"

"ಮಂದಿ ಗಂಡನ ಹೆಸರು ತಂದು ನನ್ನ ಗಂಡ ಅನ್ನಲೇನೋ? ನಾಚಿಗಿ ಬರಂಗಿಲ್ಲ ನಿನಗ?"

"ಮದಿವಿ ಆಗಿಲ್ಲ ಅನ್ನು."

"ಕೊರಳಾಗ ಇದೇನು ಹಗ್ಗ ಹಾಕೊಂಡೇನೇನು?"

"ಹಂಗಾದ್ರ ಗಂಡ ಇಲ್ಲ..." ಎನ್ನುವಷ್ಟರಲ್ಲಿ ಲಟ್ಟಣಿಗೆ ಬಂತು. ತಲೆ ತಗ್ಗಿಸಿದೆ. ಗೋಡೆಯ ಸುಣ್ಣ ಇಂದಿಗೂ ಅಲ್ಲಿ ಕಿತ್ತಿದೆ.

ಮಾಮಾ ಒಳಗಿನಿಂದಲೇ ಹೇಳಿದರು, "ಹೇಳಲಿ ಬಿಡಪ್ಪಾ. ನನ್ನದೇನು ಅಡ್ಡಿ ಇಲ್ಲ."

"ನಿಮ್ಮ ಅಪ್ಪಣಿ ಯಾರ್ ಕೇಳ್ಯಾರ?"

ಆಗ ನನಗೆ ನಿಜವಾಗಿಯೂ ಸಿಟ್ಟು ಬಂತು. ಇಡೀ ಬಸ್‌ಡಿಪೋದ ಜೊತೆ ಜಗಳವಾಡಿ ಗೆಲ್ಲುವ ಹೆಂಗಸು ಒಂದು ಹೆಸರಿನ ಮುಂದೆ ಸೋಲುವುದೆಂದರೇನು? "ಅತ್ತಿ, ಇದು ಹಟ ಅಲ್ಲ, ಹುಚ್ಚು. ನಾಕ್ ಅಕ್ಷರಕ್ಕ ವರ್ಷ ಕಳಕೊಳ್ತೀಯೇನು?" ಎಂದೆ, ನನ್ನದೇ ದನಿಯಲ್ಲಿ.

ಅತ್ತೆ ಬೈಯಲಿಲ್ಲ. "ಅವತ್ತ ಆ ಬಾಗಿಲಾಗ ಎಲ್ಲಾರೂ ಕೂಡಿ ನನ್ನ ಬಾಯಾಗಿಂದ ಅದೊಂದು ತೆಗಿಸಬೇಕಂತ ನಿಂತಿದ್ರು. ಪರೀಕ್ಷಾ ಹೋತು, ಸಾಲಿ ಹೋತು, ಊರು ಹೋತು. ಅದೊಂದರ ನಾ ಕೊಡಲಿಲ್ಲ," ಎಂದಳು. ಆಮೇಲೆ, "ನೀ ಹೋಗು ಮನಿಗಿ," ಎಂದಳು.

ಹೋದೆ. ಅವಳು ಫೇಲಾಗುತ್ತಾಳೆಂದು ನನಗೆ ಖಾತ್ರಿಯಾಗಿತ್ತು. ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ದಾರಿಯುದ್ದಕ್ಕೂ ಕಲ್ಲು ಒದೆಯುತ್ತಾ ಹೋದೆ.

ಪರೀಕ್ಷೆ ಒಂದು ಮಧ್ಯಾಹ್ನ ಇತ್ತು. ಕೋಣೆಯಲ್ಲಿ ಬೇರೆ ಯಾರೂ ಇರಬಾರದೆಂಬ ನಿಯಮ. ಅತ್ತೆ ಬಾಗಿಲು ಹಾಕಿಕೊಂಡಳು. ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ನಾನು ಕುಳಿತೆ. ಮಾಮಾ ಪತ್ರಿಕೆ ಹಿಡಿದು, ತಾನು ಬರೀ ಗಾಳಿಗೆ ಕುಳಿತವನೆಂಬಂತೆ ನನ್ನ ಪಕ್ಕ ಬಂದು ಕುಳಿತರು. ಪುಟ ಮಾತ್ರ ತಿರುಗಲಿಲ್ಲ.

ಪರೀಕ್ಷಕ ಗಂಡಸು. ಹಿಂದಿ ಇಲ್ಲ, ಇಂಗ್ಲಿಷ್ ಇಲ್ಲ, ಎಲ್ಲಾ ಸ್ಪ್ಯಾನಿಷೇ. ಅತ್ತೆ ಊರು ಹೇಳಿದಳು, ಊಟ ಹೇಳಿದಳು, ಎಮ್ಮೆಯ ಬಗ್ಗೆ ಅವನು ಕೇಳದೆಯೇ ಏನೋ ಹೇಳಿದಳು. ಆಮೇಲೆ ಅದು ಬಂತು. "ಕೊಮೊ ಸೆ ಯಾಮಾ ಸು ಮರೀದೊ?"

ಅವನು ಇನ್ನೊಮ್ಮೆ ಕೇಳಿದ. ನನ್ನ ಪಕ್ಕದಲ್ಲಿ ಮಾಮಾ ಬಹಳ ಮೆತ್ತಗೆ, "ಹೇಳ ಬೇ, ಹೇಳಿಬಿಡು" ಎಂದರು.

ಕುರ್ಚಿ ಸರಿದ ಸದ್ದಾಯಿತು. ಇಣುಕಿದರೆ ಅತ್ತೆ ಎದ್ದು ನಿಂತಿದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಪರದೆಯೊಳಗಿನ ಆ ಮನುಷ್ಯ ಗಾಬರಿಯಿಂದ ನೋಡುತ್ತಿದ್ದ. ಬಾಗಿಲಲ್ಲಿ ನಿಂತ ಮದುಮಗಳ ರಾಗದಲ್ಲಿ, ಯುದ್ಧಕ್ಕೆ ಹೊರಟವಳ ಗಂಟಲಿನಲ್ಲಿ ಅತ್ತೆ ಅಂದಳು:

"ಎನ್ ಲಾ ಮೇಸಾ ಪಾನ್, ಎನ್ ಲಾ ಕಾಸಾ ಸೋಲ್,
ಮಿ ಮರೀದೊ ಸೆ ಯಾಮಾ ಮಲ್ಲಿನಾಥ, ನೊ ಆಬ್ಲಾ ಎಸ್ಪಾನ್ಯೋಲ್."

ಒಡಪು! ಸ್ಪ್ಯಾನಿಷಿನಲ್ಲಿ! ಪ್ರಾಸ ಸಮೇತ!

ಪರೀಕ್ಷಕ, ದಯವಿಟ್ಟು ಇನ್ನೊಮ್ಮೆ ಹೇಳಿ ಎಂದು ಕೇಳಿದ. "ನೋ. ಉನಾ ವೆಸ್‌ರಿ," ಎಂದಳು ಅತ್ತೆ. ಒಂದೇ ಸಲ. ಅವನು ನಕ್ಕು ಮುಂದಿನ ಪ್ರಶ್ನೆಗೆ ಹೋದ. ಪಾಸಾದಳು. ಫಲಿತಾಂಶ ಬಂದದ್ದು ಎಷ್ಟೋ ದಿನದ ಮೇಲೆ, ನಿಮ್ಮನ್ನೂ ಯಾಕೆ ಕಾಯಿಸಬೇಕೆಂದು ಈಗಲೇ ಹೇಳಿದೆ.

ಕಟ್ಟೆಯ ಮೇಲೆ ಮಾಮಾ ನನ್ನ ಮೊಣಕೈ ಹಿಡಿದಿದ್ದರು. "ಏನಂದಳಲೇ?"

ಅಷ್ಟು ದಿನ ಕೇಳಿ ಕೇಳಿ ಅಷ್ಟಿಷ್ಟು ತಿಳಿಯುತ್ತಿತ್ತು. "ಮೇಜಿನ ಮ್ಯಾಲ ರೊಟ್ಟಿ, ಮನ್ಯಾಗ ಸೂರ್ಯ. ನನ್ನ ಗಂಡನ ಹೆಸರು... ನಿಮ್ಮ ಹೆಸರ್ರಿ ಮಾಮಾ... ಅವ್ರಿಗೆ ಸ್ಪ್ಯಾನಿಷ್ ಬರಂಗಿಲ್ಲ ಅಂದಳ್ರಿ."

ಮಾಮಾ ನನ್ನ ಮೊಣಕೈ ಬಿಟ್ಟರು. "ಖರೆ ಅದ," ಎಂದರು.

ಬಾಗಿಲು ದಢಾರನೆ ತೆರೆಯಿತು. ಅತ್ತೆ ಜಗಳಕ್ಕೆ ಸಿದ್ಧವಾಗಿಯೇ ಬಂದಿದ್ದಳು. "ಏನು? ಕೇಳಿದ್ರಲ್ಲ? ಹಿಡೀರಿ ತಪ್ಪು, ನೋಡೋಣು."

"ನನಗೇನು ಗೊತ್ತಾಗ್ತದ," ಎಂದರು ಮಾಮಾ. ಆಮೇಲೆ ಪತ್ರಿಕೆ ಮಡಚುತ್ತಾ, "ಹೇಂತಿ ಹೆಸರು ಹೇಳೋದು ಅದ್ರಾಗ ಹೆಂಗ?" ಎಂದು ಕೇಳಿದರು.

ಅತ್ತೆ ಅನುಮಾನದಿಂದ ನೋಡಿದಳು. ಹಾಸ್ಯ ಮಾಡುತ್ತಿರಬೇಕೆಂದು ಹುಬ್ಬು ಗಂಟಿಕ್ಕಿ, ಮಾಸ್ತರಿಣಿಯ ಹಾಗೆ ಬಿಡಿಬಿಡಿಯಾಗಿ ಹೇಳಿದಳು, "ಮಿ ಎಸ್ಪೋಸಾ ಸೆ ಯಾಮಾ. ಮುಂದ ಹೆಸರು."

ಮಾಮಾ ಒಂದೊಂದೇ ಪದ ಎತ್ತಿಟ್ಟ ಹಾಗೆ ಅಂದರು, "ಮಿ... ಎಸ್ಪೋಸಾ... ಸೆ ಯಾಮಾ..." ಅಲ್ಲಿಗೆ ನಿಂತರು. ಈ ಮನುಷ್ಯ ಹೆಂಡತಿಯನ್ನು ಕರೆಯುತ್ತಿದ್ದದ್ದು 'ಏ', 'ಕೇಳಿಲ್ಲಿ', 'ಎಲ್ಲಿದ್ದಿ' ಎಂದಷ್ಟೇ.

ಆಮೇಲೆ ಹೆಸರು ಹೇಳಿದರು. ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಬರೆಸಿ ಅವರ ಮನೆಯವರು ಇಟ್ಟ ಹೊಸ ಹೆಸರಲ್ಲ. ಅದಕ್ಕೂ ಹಿಂದಿನದು, ಶಾಲೆಯಲ್ಲಿ ಹಾಜರಿ ಕೂಗುವಾಗ ಇದ್ದದ್ದು. ನಾನು ಆ ಹೆಸರನ್ನು ಆ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಅದು ಅವರಿಗೆ ನೆನಪಿದೆಯೆಂದು ಅತ್ತೆಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಇಲ್ಲಿ ಅದನ್ನು ಬರೆಯುವುದಿಲ್ಲ. ಅದು ಅವರಿಬ್ಬರದು.

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಾನು ಬೈಗುಳಕ್ಕೆ ಕಾದೆ.

"ಇನ್ನೊಮ್ಮೆ ಅನ್ರಿ," ಎಂದಳು.